ಟೀವ್ಯಾಗ ಯಾವಾಗ ಬರ್ತದ?

2014ರ ಬೇಸಿಗೆಯಲ್ಲಿ ನಾನು ಮತ್ತು ನನ್ನ ಇಂಜಿನಿಯರಿಂಗ್ ದಿನಗಳ ಗೆಳೆಯ ಸೇರಿ ನಮ್ಮೂರಲ್ಲಿ ಒಂದು ಕಿರುಚಿತ್ರ ಮಾಡಿದ್ವಿ. ಬಾಡಿಗೆ ಕ್ಯಾಮೆರಾ, ನಾಲ್ಕು ದಿನದ ರಜೆ, ನನ್ನ ಒಂದು ತಿಂಗಳ ಸಂಬಳ. ಮಗನ ಕಾಲೇಜು ಫೀಸು ಕಟ್ಟೋಕೆ ಮನೆಯಲ್ಲಿ ಉಳಿದ ಎರಡು ಕುರಿ ಹೊಡ್ಕೊಂಡು ಸಂತೆಗೆ ಹೋಗುವ ಒಬ್ಬ ಮನುಷ್ಯನ ಕತೆ. ಹದಿನಾಲ್ಕು ನಿಮಿಷ. ಆ ಮನುಷ್ಯನ ಪಾತ್ರ ಮಾಡಿದ್ದು ನಮ್ಮಪ್ಪ. ನಟಿಸೋ ಅಗತ್ಯ ಅವರಿಗೆ ಹೆಚ್ಚೇನೂ ಇರಲಿಲ್ಲ. 2006ರಲ್ಲಿ ಅವರು ನಿಜವಾಗಿಯೂ ಹಾಗೆ ಸಂತೆಗೆ ಹೋಗಿದ್ದರು. ಆ ಫೀಸು ನನ್ನದೇ.

ಎಡಿಟಿಂಗ್ ಮುಗಿಸಿ ಲ್ಯಾಪ್‌ಟಾಪ್ ಹಿಡ್ಕೊಂಡು ಊರಿಗೆ ಹೋದೆ. ಅಂಗಳದಲ್ಲಿ ಎಲ್ಲರನ್ನೂ ಕೂರಿಸಿ ತೋರಿಸಿದೆ. ಅಪ್ಪ ಏನೂ ಮಾತಾಡಲಿಲ್ಲ. ಆಯಿ, ಅಂದ್ರೆ ಅಪ್ಪನ ಅವ್ವ, ಕಣ್ಣೊರೆಸಿಕೊಂಡು ಒಂದೇ ಪ್ರಶ್ನೆ ಕೇಳಿದಳು:

'ಚಂದ ಅದ. ಟೀವ್ಯಾಗ ಯಾವಾಗ ಬರ್ತದ?'

ಯೂಟ್ಯೂಬಿಗೆ ಹಾಕ್ತೀನಿ ಆಯಿ, ಪ್ರಪಂಚದಲ್ಲಿ ಯಾರು ಬೇಕಾದ್ರೂ ನೋಡಬಹುದು ಅಂದೆ. 'ಯಾರ್ ಬೇಕಾದ್ರೂ ನೋಡಲಿ, ನಮ್ಮ ಓಣ್ಯಾಗಿನ ಮಂದಿ ಹ್ಯಾಂಗ್ ನೋಡ್ಬೇಕು?' ಅಂದಳು. ನನ್ನ ಹತ್ರ ಉತ್ತರ ಇರಲಿಲ್ಲ. ಉತ್ತರ ಹುಡುಕ್ತಾ ಹೋದವನಿಗೆ ಸಿಕ್ಕಿದ ಒಂದಿಷ್ಟು ಇತಿಹಾಸವನ್ನೇ ಇಲ್ಲಿ ಬರೀತಿದ್ದೀನಿ.

ಮೊದಲನೇ ತುಣುಕು ಸಿಕ್ಕಿದ್ದು ಮನೆಯಲ್ಲೇ. ಅವತ್ತು ರಾತ್ರಿ ಊಟ ಆದ್ಮೇಲೆ ಅಪ್ಪ ಕೇಳಿದರು, 'ಬೆಂಗ್ಳೂರಾಗ ಟೀವಿ ಬರೋದಕಿನ್ನ ಮದ್ಲೇ ನಮ್ಮ ಕಡೆ ಹಳ್ಳ್ಯಾಗ ಟೀವಿ ಬಂದಿತ್ತು, ಗೊತ್ತದೇನ್ ತಮ್ಮಾ ನಿನಗ?' ನಾನು ನಕ್ಕೆ. ಆದರೆ ಅಪ್ಪ ಹೇಳಿದ್ದು ಅಕ್ಷರಶಃ ನಿಜ.

1975ರ ಆಗಸ್ಟ್ 1. ದೇಶದಲ್ಲಿ ತುರ್ತು ಪರಿಸ್ಥಿತಿ ಇದ್ದ ಕಾಲ. ಅಮೆರಿಕದ ನಾಸಾದಿಂದ ಎಟಿಎಸ್-6 ಅನ್ನೋ ಉಪಗ್ರಹವನ್ನ ಒಂದು ವರ್ಷದ ಮಟ್ಟಿಗೆ ಎರವಲು ತಗೊಂಡು ನಮ್ಮ ಇಸ್ರೋ ಒಂದು ಪ್ರಯೋಗ ಶುರು ಮಾಡಿತು. ಹೆಸರು 'ಸೈಟ್'. ಉಪಗ್ರಹದ ಮೂಲಕ ಹಳ್ಳಿಗಳಿಗೆ ನೇರವಾಗಿ ಶಿಕ್ಷಣದ ಟೀವಿ ಕಾರ್ಯಕ್ರಮ ಮುಟ್ಟಿಸೋ ಪ್ರಯೋಗ. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನ ಆರಿಸಿದ್ದರು. ಕರ್ನಾಟಕದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳು. ಹಿಂದುಳಿದ ಜಿಲ್ಲೆ ಅಂತಲೇ ಆರಿಸಿದ್ದು. ಹಿಂದುಳಿದಿದ್ದರಿಂದ ನಾವು ಒಂದು ವಿಷಯದಲ್ಲಿ ಮುಂದಾದ್ವಿ ಅನ್ನಿ!

ನಮ್ಮ ಪಕ್ಕದೂರಿನ ಶಾಲೆಗೆ ಅಂಥದ್ದೊಂದು ಸೆಟ್ ಬಂದಿತ್ತಂತೆ. ಮಾಳಿಗೆ ಮೇಲೆ ಸುಮಾರು ಹತ್ತು ಅಡಿ ಅಗಲದ ಕೊಡೆ, ಕೋಳಿಗೂಡಿಗೆ ಹಾಕೋ ತಂತಿ ಜಾಲರಿಯದ್ದು. ಬೆಳಿಗ್ಗೆ ಒಂದೂವರೆ ತಾಸು ಶಾಲೆ ಮಕ್ಕಳಿಗೆ, ಸಂಜೆ ಎರಡೂವರೆ ತಾಸು ದೊಡ್ಡವರಿಗೆ. ಬೆಳೆ, ಗೊಬ್ಬರ, ಆರೋಗ್ಯ, ಕುಟುಂಬ ಯೋಜನೆ, ನಡುವೆ ಹಾಡು, ಆಟ. ಹದಿಮೂರು ವರ್ಷದ ಅಪ್ಪ ಎರಡು ಕಿಲೋಮೀಟರ್ ನಡ್ಕೊಂಡು ಹೋಗಿ ನೋಡ್ತಿದ್ದರು. ಆಗ ಕರ್ನಾಟಕದಲ್ಲಿ ಒಂದೇ ಒಂದು ದೂರದರ್ಶನ ಕೇಂದ್ರವೂ ಇರಲಿಲ್ಲ. ಕನ್ನಡದ ಕಾರ್ಯಕ್ರಮ ತಯಾರಾಗ್ತಿದ್ದದ್ದು ಹೈದರಾಬಾದಿನಲ್ಲಿ. 'ಪುಸ್ತಕದ ಮಾತು ಆಡ್ತಿದ್ರು. ನಮ್ಮಂಗ ಯಾರೂ ಮಾತಾಡ್ತಿರಲಿಲ್ಲ. ಆದ್ರೂ ನೋಡ್ತಿದ್ವಿ' ಅನ್ನೋದು ಅಪ್ಪನ ವಿಮರ್ಶೆ.

1976ರ ಜುಲೈ 31ಕ್ಕೆ ಒಪ್ಪಂದದ ಪ್ರಕಾರ ಪ್ರಯೋಗ ಮುಗಿಯಿತು. ಉಪಗ್ರಹವನ್ನ ಅಮೆರಿಕದವರು ವಾಪಸ್ ಆ ಕಡೆಗೆ ಸರಿಸಿಕೊಂಡರು. ಇದನ್ನ ನಾನು ಓದಿ ತಿಳ್ಕೊಂಡೆ. ಅಪ್ಪನಿಗೆ ಗೊತ್ತಿದ್ದದ್ದು ಬೇರೆ: 'ಮರುದಿನಾನೂ ಹೋಗಿ ಕುಂತಿದ್ವಿ. ಬರೇ ಹುಳ ಹುಳ ಕಾಣ್ತಿತ್ತು. ಅದನ್ನೇ ಒಂದಿಷ್ಟೊತ್ತು ನೋಡಿ ಎದ್ದು ಬಂದ್ವಿ.'

ಮುಂದಿನ ವರ್ಷ, 1977ರಲ್ಲಿ, ಸೈಟ್ ಹಳ್ಳಿಗಳನ್ನ ಪೂರ್ತಿ ಕೈಬಿಡಬಾರದು ಅಂತ ಗುಲ್ಬರ್ಗದಲ್ಲಿ ದೂರದರ್ಶನ ಶುರುವಾಯಿತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರ್‌ನಲ್ಲಿ. ಬೆಂಗಳೂರಿನ ಸಹೋದ್ಯೋಗಿಗಳಿಗೆ ಈ ಮಾತು ಹೇಳಿದಾಗೆಲ್ಲ ಒಬ್ಬರೂ ನಂಬಿಲ್ಲ. ನೀವಾದ್ರೂ ನಂಬಿ.

ಅದೇ ಕಾಲಕ್ಕೆ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಇನ್ನೊಂದು ಕೆಲಸ ನಡೀತಿತ್ತು. ಅಲ್ಲಿ ಪಿಜ್ ಅನ್ನೋ ಹಳ್ಳಿಯಲ್ಲಿ ಒಂದು ಸಣ್ಣ ಟ್ರಾನ್ಸ್‌ಮಿಟರ್ ಇತ್ತು. ಅಹಮದಾಬಾದಿನ ಇಸ್ರೋ ತಂಡದವರು ಕ್ಯಾಮೆರಾ ಎತ್ಕೊಂಡು ಹಳ್ಳಿಗಳಿಗೇ ಹೋದರು. ಊರಿನವರೇ ಕತೆ ಹೇಳಿದರು, ಊರಿನವರೇ ನಟಿಸಿದರು. ಕೂಲಿ, ಜಾತಿ, ಸಾಲದ ವಿಷಯ ನಾಟಕಗಳಾದವು, ಧಾರಾವಾಹಿಗಳಾದವು. ಅವರದ್ದೇ ಮಾತು, ಅವರದ್ದೇ ಮುಖ, ಅದೇ ಜಿಲ್ಲೆಯ ಟೀವಿಯಲ್ಲಿ. ಖೇಡಾ ಯೋಜನೆಗೆ 1984ರಲ್ಲಿ ಯುನೆಸ್ಕೋದ ಗ್ರಾಮೀಣ ಸಂವಹನ ಪ್ರಶಸ್ತಿಯೂ ಬಂತು. ಮರುವರ್ಷ ಪಿಜ್‌ನ ಟ್ರಾನ್ಸ್‌ಮಿಟರ್ ಬಂದ್ ಆಯಿತು. ಊರಿನ ಜನ ಪ್ರತಿಭಟಿಸಿದರು.

ಯೋಚಿಸಿ ನೋಡಿ. ಟೀವಿ ಚಾನೆಲ್ ಉಳಿಸಿಕೊಡಿ ಅಂತ ಒಂದು ಊರಿನ ಜನ ಬೀದಿಗೆ ಇಳಿದಿದ್ದರು. ಇವತ್ತು ನಮ್ಮ ಸೆಟ್‌ಟಾಪ್ ಬಾಕ್ಸಿನಿಂದ ಒಂದು ಚಾನೆಲ್ ಹೋದ್ರೆ ನಮಗೆ ಗೊತ್ತೂ ಆಗಲ್ಲ.

ನನ್ನ ಪೀಳಿಗೆಯವರಿಗೆ ನೆನಪಿರೋದು ಇದಾದ ಮೇಲಿನ ಕತೆ. ನಮಗಿಂತ ಹತ್ತು ವರ್ಷ ದೊಡ್ಡವರನ್ನ ಕೇಳಿ, ದೂರದರ್ಶನದ ಭಾನುವಾರ ಮಧ್ಯಾಹ್ನದ ಸಿನಿಮಾ ಬಗ್ಗೆ ಹೇಳ್ತಾರೆ. ಒಂದು ವಾರ ಬಂಗಾಳಿ, ಇನ್ನೊಂದು ವಾರ ಮಲಯಾಳಂ, ಮತ್ತೊಂದು ವಾರ ಕನ್ನಡ. ಕೆಳಗೆ ಇಂಗ್ಲಿಷ್ ಸಬ್‌ಟೈಟಲ್. ರಾಷ್ಟ್ರಪ್ರಶಸ್ತಿ ಪಡೆದ, ಆದರೆ ಥಿಯೇಟರಿನಲ್ಲಿ ವಾರವೂ ಓಡದ ಎಷ್ಟೋ ಚಿತ್ರಗಳು ದೇಶದ ಮನೆಮನೆಗೆ ಹೋದದ್ದು ಆ ಸ್ಲಾಟಿನಿಂದ. ಎಷ್ಟೋ ಜನಕ್ಕೆ ಬೋರು ಹೊಡೆಸಿದ್ದೂ ಅದೇ ಸ್ಲಾಟು, ಅದೂ ನಿಜ. ಬೇರೆ ಚಾನೆಲ್ ಇರಲಿಲ್ಲವಲ್ಲ, ಬೋರಾದ್ರೂ ನೋಡ್ತಿದ್ದರು. ನೋಡ್ತಾ ನೋಡ್ತಾ ಕೆಲವರಿಗೆ ರುಚಿ ಹತ್ತಿತು.

ಆ ಹೊತ್ತಿನ ಇನ್ನೊಂದು ದೊಡ್ಡ ಹೆಸರು 'ಮಾಲ್ಗುಡಿ ಡೇಸ್'. ಶಂಕರ್ ನಾಗ್ ಅದನ್ನ ಆಗುಂಬೆಯಲ್ಲಿ ಚಿತ್ರಿಸಿದರು. ಆರ್.ಕೆ. ನಾರಾಯಣ್ ಕತೆ, ಆರ್.ಕೆ. ಲಕ್ಷ್ಮಣ್ ಗೆರೆ, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಪಾತ್ರಗಳ ತುಂಬಾ ಕನ್ನಡದ ರಂಗಭೂಮಿಯವರು. ಒಂದೊಂದು ಕಂತೂ ಒಂದೊಂದು ಕಿರುಚಿತ್ರದ ಹಾಗೆ ಇತ್ತು. ಆದರೆ ರಾಷ್ಟ್ರೀಯ ಜಾಲದಲ್ಲಿ ಬರಬೇಕಾದ್ರೆ ಅದು ಹಿಂದಿಯಲ್ಲಿ ಮಾತಾಡಬೇಕಿತ್ತು. ನಮ್ಮ ಊರು, ನಮ್ಮ ನಟರು, ನಮ್ಮ ನಿರ್ದೇಶಕ, ಮಾತು ಮಾತ್ರ ಬೇರೆಯವರದ್ದು. ದೂರುತ್ತಿಲ್ಲ. ಜಾಗ ಕೊಡುವವರು ದಿಲ್ಲಿಯಲ್ಲಿದ್ದಾಗ ಶರತ್ತೂ ಅವರದ್ದೇ ಅನ್ನೋದನ್ನ ಹೇಳ್ತಿದ್ದೀನಿ ಅಷ್ಟೇ.

1994ರಲ್ಲಿ ಉದಯ ಟೀವಿ ಬಂತು. 2000ದಲ್ಲಿ ಈಟೀವಿ ಕನ್ನಡ, 2006ರಲ್ಲಿ ಜೀ ಕನ್ನಡ. ಕನ್ನಡಕ್ಕೆ ಒಂದಲ್ಲ, ಹಲವು ಮನೆಗಳಾದವು. ಸಮಯದ ಕೊರತೆ ತೀರಿತು ಅಂದುಕೊಳ್ಳಬೇಕಿತ್ತು, ದಿನಕ್ಕೆ ಇಪ್ಪತ್ನಾಲ್ಕು ತಾಸು! ಆದರೆ ಆ ಇಪ್ಪತ್ನಾಲ್ಕು ತಾಸಿಗೂ ಈಗ ಬೆಲೆ ಕಟ್ಟಬೇಕಾಯಿತು. ಸಿನಿಮಾ ಅಂದ್ರೆ ಸ್ಯಾಟಲೈಟ್ ಹಕ್ಕು, ಹಕ್ಕು ಅಂದ್ರೆ ಸ್ಟಾರ್. ಸ್ಟಾರ್ ಇಲ್ಲದ ಸಿನಿಮಾಗೆ ರೇಟಿಲ್ಲ. ಹದಿನಾಲ್ಕು ನಿಮಿಷದ ಸಿನಿಮಾಗಂತೂ ಹೆಸರೂ ಇಲ್ಲ.

ಹೀಗಿರುವಾಗ ಪಕ್ಕದ ಮನೆಯಲ್ಲಿ ಒಂದು ವಿಶೇಷ ನಡೀತು.

2010ರಲ್ಲಿ ನಾನು ಬಿಇ ಮುಗಿಸಿ ಬೆಂಗಳೂರಿಗೆ ಬಂದು ಬಿಟಿಎಂನಲ್ಲಿ ರೂಮ್ ಮಾಡಿದೆ. ರೂಮ್‌ಮೇಟ್ ಮಧುರೆ ಕಡೆಯವನು. ಭಾನುವಾರ ಬಂತೆಂದರೆ ರಿಮೋಟು ಅವನ ಕೈಯಲ್ಲಿ. ಕಲೈಞರ್ ಟೀವಿಯಲ್ಲಿ 'ನಾಳೈಯ ಇಯಕ್ಕುನರ್' ಅನ್ನೋ ಕಾರ್ಯಕ್ರಮ. 'ನಾಳೆಯ ನಿರ್ದೇಶಕ' ಅಂತ ಅರ್ಥ. ಹೊಸ ಹುಡುಗರು ಕಿರುಚಿತ್ರ ಮಾಡ್ಕೊಂಡು ಬರ್ತಾರೆ, ಟೀವಿಯಲ್ಲಿ ಅದು ಪೂರ್ತಿ ಪ್ರಸಾರ ಆಗುತ್ತೆ, ಆಮೇಲೆ ಸಿನಿಮಾದ ಅನುಭವಿಗಳು ಎದುರಿಗೇ ಕೂತು ತಪ್ಪು ಒಪ್ಪು ಹೇಳ್ತಾರೆ. ಗೆದ್ದವರು ಮುಂದಿನ ಸುತ್ತಿಗೆ ಇನ್ನೊಂದು ಚಿತ್ರ ಮಾಡ್ಕೊಂಡು ಬರಬೇಕು.

ನನಗೆ ತಮಿಳು ಅರ್ಧಂಬರ್ಧ. ಆದ್ರೂ ಕಚ್ಚಿಕೊಂಡು ನೋಡಿದೆ. ಕಾರಣ, ನಮ್ಮ ಕೆಲಸದ ಕೋಡ್ ರಿವ್ಯೂ ಥರಾನೇ ಇತ್ತು ಅದು. ನೀನು ಬರೆದಿದ್ದನ್ನ ಎಲ್ಲರ ಮುಂದೆ ತೆರೆದಿಡಬೇಕು, ಬೈಸಿಕೊಳ್ಳಬೇಕು, ಮುಂದಿನ ಡೆಡ್‌ಲೈನಿಗೆ ಇನ್ನೂ ಚೆನ್ನಾಗಿ ಬರೀಬೇಕು.

ಆಮೇಲೆ ಆಗಿದ್ದು ಎಲ್ಲರಿಗೂ ಗೊತ್ತು. ಆ ಕಾರ್ಯಕ್ರಮದಲ್ಲಿ ಕಿರುಚಿತ್ರ ತೋರಿಸಿದ್ದ ಕಾರ್ತಿಕ್ ಸುಬ್ಬರಾಜ್ 2012ರಲ್ಲಿ 'ಪಿಜ್ಜಾ' ಮಾಡಿದರು. ನಲನ್ ಕುಮಾರಸಾಮಿ 2013ರಲ್ಲಿ 'ಸೂದು ಕವ್ವುಂ'. ಬಾಲಾಜಿ ಮೋಹನ್ ತಮ್ಮ ಕಿರುಚಿತ್ರವನ್ನೇ ಹಿಗ್ಗಿಸಿ 2012ರಲ್ಲಿ ಪೂರ್ಣ ಸಿನಿಮಾ ಮಾಡಿದರು. ರಾಮ್ ಕುಮಾರ್ ಅವರ 'ಮುಂಡಾಸುಪಟ್ಟಿ' ಕೂಡ ಮೊದಲು ಕಿರುಚಿತ್ರ, 2014ರಲ್ಲಿ ಹಿರಿತೆರೆಗೆ. ಅಲ್ಫೋನ್ಸ್ ಪುತ್ರನ್ 2013ರಲ್ಲಿ 'ನೇರಂ' ಮಾಡಿ, 2015ರಲ್ಲಿ ಮಲಯಾಳಂನ 'ಪ್ರೇಮಂ' ಕೊಟ್ಟರು. ಕಿರುಚಿತ್ರಗಳಲ್ಲಿ ಮುಖ ತೋರಿಸ್ತಿದ್ದ ವಿಜಯ್ ಸೇತುಪತಿ, ಬಾಬಿ ಸಿಂಹ ಯಾರು ಅಂತ ಈಗ ಹೇಳಬೇಕಾಗಿಲ್ಲ.

ನನ್ನನ್ನ ಹೆಚ್ಚು ಕಾಡಿದ್ದು ಇನ್ನೊಂದು ವಿಷಯ. ಕಾರ್ತಿಕ್ ಸುಬ್ಬರಾಜ್ ಮೊದಲು ಸಾಫ್ಟ್‌ವೇರ್ ಇಂಜಿನಿಯರ್. ಅವರಿಗೆ ಸಿನಿಮಾದ ಹುಚ್ಚು ಗಟ್ಟಿಯಾಗಿ ಹತ್ತಿದ್ದು ಬೆಂಗಳೂರಿನ ಒಂದು ಸಣ್ಣ ಕಾರ್ಯಾಗಾರದಲ್ಲಿ. ಅಂದ್ರೆ ಕನಸು ಹುಟ್ಟೋಕೆ ನಮ್ಮೂರು ಸಾಕಾಯ್ತು. ಅದನ್ನ ತೋರಿಸೋ ಜಾಗ ಮಾತ್ರ ಚೆನ್ನೈಯಲ್ಲಿತ್ತು.

ತಮಿಳರಲ್ಲಿ ಪ್ರತಿಭೆ ಜಾಸ್ತಿ, ಪ್ರೇಕ್ಷಕರು ಜಾಸ್ತಿ ಅಂತ ಕೆಲವರು ಹೇಳ್ತಾರೆ. ಪ್ರೇಕ್ಷಕರ ವಿಷಯ ಒಪ್ತೀನಿ, ಮಾರುಕಟ್ಟೆ ದೊಡ್ಡದು. ಪ್ರತಿಭೆಯ ವಿಷಯ ಒಪ್ಪಲ್ಲ. ಅಲ್ಲಿ ಇದ್ದದ್ದು ಪ್ರತಿ ವಾರ ತಪ್ಪದೇ ಬರುವ ಒಂದು ಹೊತ್ತು. ಹೊತ್ತು ಖಾಯಂ ಆದ್ರೆ ಡೆಡ್‌ಲೈನ್ ಹುಟ್ಟುತ್ತೆ. ಡೆಡ್‌ಲೈನ್ ಇದ್ರೆ ಸಿನಿಮಾ ಮುಗಿಯುತ್ತೆ. ಮುಗಿದ ಸಿನಿಮಾವನ್ನ ನಿರ್ಮಾಪಕರು ಮನೆಯಲ್ಲಿ ಕಾಫಿ ಕುಡೀತಾ ನೋಡಬಹುದು. ಮತ್ತೆ ಅದು ಸ್ಪರ್ಧೆ ಆಗಿದ್ದರಿಂದ ಜಾಹೀರಾತುದಾರರಿಗೆ ಕೊಳ್ಳೋಕೆ ಒಂದು 'ಪ್ರೋಗ್ರಾಂ' ಸಿಕ್ತು. ಬಿಡಿ ಕಿರುಚಿತ್ರಕ್ಕೆ ಯಾರೂ ದುಡ್ಡು ಹಾಕಲ್ಲ, ಗೆಲ್ಲೋರು ಯಾರು ಅನ್ನೋ ಕುತೂಹಲಕ್ಕೆ ಹಾಕ್ತಾರೆ.

ಇದೆಲ್ಲ ತಲೆಯಲ್ಲಿ ಇಟ್ಕೊಂಡೇ ನಾವಿಬ್ಬರೂ 2014ರ ಮಳೆಗಾಲದಲ್ಲಿ ಒಂದು ಕನ್ನಡ ಚಾನೆಲ್ ಕಚೇರಿಗೆ ಹೋದ್ವಿ. ಯಾವುದು ಅಂತ ಹೇಳಲ್ಲ. ಅಲ್ಲಿದ್ದವರು ಕೆಟ್ಟವರಲ್ಲ, ಚಹಾ ಕೊಟ್ಟರು, ಪೆನ್‌ಡ್ರೈವ್ ಹಾಕಿ ಪೂರ್ತಿ ನೋಡಿದರು ಕೂಡ. ಆಮೇಲೆ ಲೆಕ್ಕ ಹೇಳಿದರು. ಟೀವಿಯ ಅರ್ಧ ಗಂಟೆ ಅಂದ್ರೆ ಅರ್ಧ ಗಂಟೆಯಲ್ಲ. ಗಂಟೆಗೆ 12 ನಿಮಿಷದವರೆಗೆ ಜಾಹೀರಾತು ಹಾಕೋಕೆ ನಿಯಮದಲ್ಲೇ ಅವಕಾಶ ಇದೆ. ಅಂದ್ರೆ ಅರ್ಧ ಗಂಟೆಗೆ 24 ನಿಮಿಷದ ಸರಕು ಬೇಕು. ನಮ್ಮದು 14. 'ಉಳಿದ ಹತ್ತು ನಿಮಿಷ ಏನ್ ತೋರಿಸ್ಲಿ?' ಅಂದರು. ಮೇಲಾಗಿ ಟೀವಿಯಲ್ಲಿ ತೋರಿಸೋ ಚಿತ್ರಕ್ಕೆ ಸೆನ್ಸಾರಿನ ಪ್ರಮಾಣಪತ್ರ ಬೇಕು. ಅದಕ್ಕೆ ಅರ್ಜಿ, ಶುಲ್ಕ, ಓಡಾಟ. ಕೊನೆಗೆ ಅವರು ಕೇಳಿದ ಪ್ರಶ್ನೆ: 'ಯಾರಾದ್ರೂ ಸ್ಪಾನ್ಸರ್ ತರ್ತೀರಾ?' ಜೊತೆಗೆ ಒಂದು ಸಲಹೆ: 'ಭಾಷೆ ಸ್ವಲ್ಪ ಈ ಕಡೆಗೆ ಡಬ್ ಮಾಡಿದ್ರೆ ಒಳ್ಳೇದು. ಅಷ್ಟು ಹಳ್ಳಿ ಭಾಷೆ ಜನಕ್ಕೆ ಅರ್ಥ ಆಗಲ್ಲ.'

ಅಪ್ಪನ ಮಾತಿಗೆ ಡಬ್ಬಿಂಗ್! ಸ್ಪಾನ್ಸರ್ ಬಗ್ಗೆ ಕೇಳಿದ್ದಕ್ಕೆ ಬೇಜಾರಾಗಲಿಲ್ಲ, ಇದಕ್ಕೆ ಆಯಿತು. 1975ರಲ್ಲಿ ಹೈದರಾಬಾದಿನಿಂದ ಪುಸ್ತಕದ ಮಾತು ಬಂತು. ನಲವತ್ತು ವರ್ಷ ಆದ್ಮೇಲೆ ಬೆಂಗಳೂರಿನಿಂದ ಅದೇ ಮಾತು.

ನಮ್ಮ ನಿರ್ದೇಶಕರೇನು ಸುಮ್ಮನೆ ಕೂತಿರಲಿಲ್ಲ. ಪವನ್ ಕುಮಾರ್ 2011ರಲ್ಲಿ ಬ್ಲಾಗಿನಲ್ಲಿ ತಮ್ಮ ಸಂಕಟ ಬರ್ಕೊಂಡು, ಜನರಿಂದಲೇ ಹಣ ಕೂಡಿಸಿ 'ಲೂಸಿಯಾ' ಮಾಡಿದರು. ಸುಮಾರು ನೂರು ಚಿಲ್ಲರೆ ಜನ ಹಣ ಹಾಕಿದರು. 2013ರಲ್ಲಿ ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ ಬಂತು, ಆಮೇಲೆ ತಮಿಳಿಗೂ ರಿಮೇಕ್ ಆಯಿತು. ಪುಟ್ಟಣ್ಣ ಕಣಗಾಲ್ 1976ರಲ್ಲಿ ಮೂರು ಕತೆ ಸೇರಿಸಿ 'ಕಥಾಸಂಗಮ' ಮಾಡಿದ್ದರಲ್ಲ, ಅದೇ ಹೆಸರಲ್ಲಿ ರಿಷಬ್ ಶೆಟ್ಟಿ 2019ರ ಡಿಸೆಂಬರ್‌ನಲ್ಲಿ ಏಳು ಜನ ನಿರ್ದೇಶಕರ ಏಳು ಕಿರುಚಿತ್ರಗಳನ್ನ ಥಿಯೇಟರಿಗೆ ತಂದರು. ಆಮೇಲೆ ರಕ್ಷಿತ್ ಶೆಟ್ಟಿ ಬೆನ್ನಿಗೆ ನಿಂತ, ಕರಾವಳಿಯ ಏಳು ಕತೆಗಳ 'ಏಕಂ'. ಯಾವ ಓಟಿಟಿಯೂ ಕೊಳ್ಳಲಿಲ್ಲ ಅಂತ ಅದು ಕಾದೂ ಕಾದೂ ಕೊನೆಗೆ 2024ರ ಜುಲೈನಲ್ಲಿ ತನ್ನದೇ ಸ್ವಂತ ವೆಬ್‌ಸೈಟಿನಲ್ಲಿ ಬಿಡುಗಡೆಯಾಯಿತು.

ಈ ಮೂರನ್ನೂ ಜೋಡಿಸಿ ನೋಡಿ. ಹಣಕ್ಕೆ ಜನರ ಹತ್ರ ಹೋದರು, ಕಿರುಚಿತ್ರಕ್ಕೆ ಥಿಯೇಟರಿಗೆ ಹೋದರು, ಕೊನೆಗೆ ಜಾಗಾನ ತಾವೇ ಕಟ್ಟಿಕೊಂಡರು. ಪ್ರತಿಯೊಬ್ಬರೂ ತಮ್ಮ ಮನೆಗೆ ತಾವೇ ರಸ್ತೆ ಹಾಕಿಕೊಂಡು ಬರಬೇಕಾಯಿತು. ಅವರ ಹೆಸರಿಗೆ ಬಲ ಇತ್ತು, ಮಾಡಿದರು. ಹೆಸರಿಲ್ಲದ ಹುಡುಗ ಏನು ಮಾಡಬೇಕು?

ನಮ್ಮ ಹದಿನಾಲ್ಕು ನಿಮಿಷ ಏನಾಯಿತು ಅಂತ ಹೇಳಿಬಿಡ್ತೀನಿ.

2015ರ ಯುಗಾದಿಗೆ ಊರಿಗೆ ಹೋಗಿದ್ದೆ. ನಮ್ಮ ತಾಲ್ಲೂಕಿನ ಕೇಬಲ್ ನಡೆಸೋರು ಅಪ್ಪನಿಗೆ ಪರಿಚಯ. ಆಗಿನ್ನೂ ನಮ್ಮ ಕಡೆ ಕೇಬಲ್ ಪೂರ್ತಿ ಡಿಜಿಟಲ್ ಆಗಿರಲಿಲ್ಲ. ಅವರದ್ದೇ ಒಂದು ಲೋಕಲ್ ಚಾನೆಲ್ ಇತ್ತು. ಜಾತ್ರೆ, ಪುರವಂತರ ಕುಣಿತ, ಮದುವೆ ಶುಭಾಶಯ, ಬಟ್ಟೆ ಅಂಗಡಿ ಜಾಹೀರಾತು, ರಾತ್ರಿಗೊಂದು ಹಳೇ ಸಿನಿಮಾ. ಅಪ್ಪ ನನ್ನ ಪೆನ್‌ಡ್ರೈವ್ ಹಿಡ್ಕೊಂಡು ಅವರ ಹತ್ರ ಹೋದರು. ಅವರು 24 ನಿಮಿಷದ ಲೆಕ್ಕ ಕೇಳಲಿಲ್ಲ, ಪ್ರಮಾಣಪತ್ರ ಕೇಳಲಿಲ್ಲ. 'ಯಾವಾಗ ಹಾಕಲಿ ಹೇಳ್ರಿ' ಅಂದರು, ಅಷ್ಟೇ.

ಹಬ್ಬದ ಮರುದಿನ ರಾತ್ರಿ ಎಂಟೂವರೆಗೆ ಹಾಕಿದರು. ನಮ್ಮ ಮನೆಯಲ್ಲಿ ಮೂವತ್ತು ನಲವತ್ತು ಜನ. ಪಡಸಾಲೆಯಲ್ಲಿ ಜಾಗ ಸಾಲದೆ ಕಿಟಕಿ ಹೊರಗೆ ನಿಂತಿದ್ದರು. ಟೀವಿಯಲ್ಲಿ ಅಪ್ಪ ಕುರಿ ಹೊಡ್ಕೊಂಡು ಹೊರಟಾಗ ಪಕ್ಕದ ಮನೆಯ ಕಾಕಾ ಕೂಗಿದರು, 'ಏ, ಅದು ನಮ್ಮ ಹೊಲದ ದಾರಿ!' ನಾನು ಕಟ್ಟೆ ಮೇಲೆ ಬಂದು ನಿಂತೆ. ಎದುರು ಮನೆಯಲ್ಲೂ ಅದೇ ದನಿ, ಅದರಾಚೆ ಮನೆಯಲ್ಲೂ ಅದೇ ದನಿ. ಓಣಿ ತುಂಬಾ ಅಪ್ಪ ಒಂದೇ ಮಾತನ್ನ ಒಂದೇ ಹೊತ್ತಿಗೆ ಆಡ್ತಿದ್ದರು. ಆಯಿ ಮರುದಿನ ಗುಡಿಗೆ ಹೋಗಿ ಬರೋಕೆ ಎರಡು ತಾಸು ತಗೊಂಡಳು. ದಾರಿಯಲ್ಲಿ ಎಲ್ಲರೂ ನಿಲ್ಲಿಸಿ ಮಾತಾಡಿಸಿದ್ದರು.

2011ರ ಕಾಯ್ದೆ ತಿದ್ದುಪಡಿಯಂತೆ ಕೇಬಲ್ ಹಂತ ಹಂತವಾಗಿ ಡಿಜಿಟಲ್ ಆಗ್ತಾ ಬಂದು, ಹಳ್ಳಿಗಳ ಕೊನೇ ಹಂತಕ್ಕೆ 2017ರ ಮಾರ್ಚ್ ಗಡುವಾಯಿತು. ಚಿತ್ರ ಸ್ವಚ್ಛ ಆಯಿತು, ಚಾನೆಲ್ ಹೆಚ್ಚಾದವು. ನಮ್ಮ ಕೇಬಲ್‌ನವರು ಲೋಕಲ್ ಚಾನೆಲ್ ಮುಚ್ಚಿ ಈಗ ಇಂಟರ್ನೆಟ್ ಕನೆಕ್ಷನ್ ಕೊಡ್ತಾರೆ. ಆಯಿ 2019ರಲ್ಲಿ ತೀರಿಕೊಂಡಳು.

ಕಳೆದ ದೀಪಾವಳಿಗೆ ಊರಿನ ಮನೆಗೆ ಒಂದು ಸ್ಮಾರ್ಟ್ ಟೀವಿ ತಗೊಂಡು ಹೋಗಿದ್ದೆ. ಅಪ್ಪನನ್ನ ಕೂರಿಸಿ, ಯೂಟ್ಯೂಬಿನಿಂದ ಅದೇ ಹದಿನಾಲ್ಕು ನಿಮಿಷ ಹಾಕಿದೆ. 43 ಇಂಚಿನಲ್ಲಿ, ಹಿಂದೆಂದಿಗಿಂತ ಚೆನ್ನಾಗಿ ಕಾಣ್ತಿತ್ತು. ಮುಗಿದ ಮೇಲೆ, 'ನೋಡಪ್ಪ, ಮತ್ತೆ ಟೀವ್ಯಾಗ ಬಂದಿ' ಅಂದೆ.

ಅಪ್ಪ ನಕ್ಕರು. 'ಇದು ಟೀವ್ಯಾಗ ಬಂದಂಗಲ್ಲ ತಮ್ಮಾ. ಇದು ನೀ ಹಾಕ್ದಿ, ನಾ ನೋಡ್ದೆ. ಅವತ್ತು ಅವರು ಹಾಕಿದ್ರು, ಮಂದಿ ನೋಡಿದ್ರು.'

ಈ ವ್ಯತ್ಯಾಸ ನನಗೆ ಹತ್ತು ವರ್ಷ ಓದಿದ ಮೇಲೂ ಇಷ್ಟು ಸ್ಪಷ್ಟವಾಗಿ ಹೊಳೆದಿರಲಿಲ್ಲ. ತೋರಿಸೋಕೆ ಜಾಗ ಇವತ್ತು ಬೇಕಾದಷ್ಟಿದೆ. ಆದರೆ ನಿಮ್ಮದನ್ನ ಇನ್ನೊಬ್ಬರು ಆರಿಸಿ, ಇಂಥ ದಿನ ಇಂಥ ಹೊತ್ತಿಗೆ ಅಂತ ಹೇಳಿ, ಒಂದು ಊರಿನ ಮುಂದೆ ಇಡೋದು ಬೇರೆ. ಸೈಟ್ ಅದನ್ನ ಒಂದು ವರ್ಷ ಮಾಡಿತು, ಖೇಡಾ ಹತ್ತು ವರ್ಷ, ದೂರದರ್ಶನದ ಭಾನುವಾರ ಒಂದಿಷ್ಟು ಕಾಲ, ಚೆನ್ನೈನ ಒಂದು ಚಾನೆಲ್ ಕೆಲವು ಸೀಸನ್, ನಮ್ಮ ತಾಲ್ಲೂಕಿನ ಕೇಬಲ್‌ನವರು ಒಂದು ರಾತ್ರಿ.

ಕನ್ನಡದಲ್ಲಿ ಚಾನೆಲ್ ನಡೆಸುವವರು ಯಾರಾದ್ರೂ ಇದನ್ನ ಓದ್ತಿದ್ರೆ ಒಂದು ಮನವಿ. ವಾರಕ್ಕೆ ಅರ್ಧ ಗಂಟೆ ಸಾಕು. ಪ್ರೈಮ್ ಟೈಮ್ ಬೇಡ, ಭಾನುವಾರ ಬೆಳಿಗ್ಗೆ ತಿಂಡಿ ಹೊತ್ತಾದ್ರೂ ನಡೆಯುತ್ತೆ. ಬೀದರಿನಿಂದ ಚಾಮರಾಜನಗರದವರೆಗೆ ಹುಡುಗರು ಹುಡುಗಿಯರು ಅವರವರ ಮಾತಲ್ಲೇ ಸಿನಿಮಾ ಮಾಡಿ ಪೆನ್‌ಡ್ರೈವ್ ಜೇಬಲ್ಲಿ ಇಟ್ಕೊಂಡು ಕೂತಿದ್ದಾರೆ. ಉಳಿದ ಹತ್ತು ನಿಮಿಷಕ್ಕೆ ಏನು ತೋರಿಸೋದು ಅಂತ ಚಿಂತೆ ಬೇಡ. ಆ ಹುಡುಗರ ಅಪ್ಪ ಅಮ್ಮಂದಿರನ್ನ ಕೂರಿಸಿ ಮಾತಾಡಿಸಿ, ಹತ್ತು ನಿಮಿಷ ಸಾಲೋದೇ ಇಲ್ಲ.